ವಿಮಾನ ಹತ್ತದ ಬಾತ್ಮೀದಾರ

(ವಿಜಯಪುರದ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನಮ್ಮ ಭಾಗದ ಹಿರಿಯರು ವರದಿಗಾರ ಎನ್ನುತ್ತಿರಲಿಲ್ಲ, ಬಾತ್ಮೀದಾರ ಎನ್ನುತ್ತಿದ್ದರು. ಸುದ್ದಿ ಯಾರ ಬಾಯಲ್ಲಾದರೂ ಹುಟ್ಟಬಹುದು, ಸಂತೆಯಲ್ಲಿ ಹಬ್ಬಬಹುದು. ಬಾತ್ಮಿ ಮಾತ್ರ ಒಬ್ಬಾತ ಖುದ್ದಾಗಿ ಹೋಗಿ, ಕಂಡು, ಹೊತ್ತು ತಂದದ್ದು ಎಂಬ ಅರ್ಥ ಆ ಮಾತಿನೊಳಗೇ ಇತ್ತೆಂದು ನನಗೆ ತೋರುತ್ತದೆ. ಏಷ್ಯಾ ಖಂಡದ ಬಗ್ಗೆ ಬರೆದ ವಿದೇಶಿ ಪತ್ರಕರ್ತರೊಬ್ಬರನ್ನು ಕುರಿತು ಮಾತನಾಡಬೇಕೆಂದು ನಿಮ್ಮ ವಿಭಾಗದವರು ಕೇಳಿದಾಗ, ದಿಲ್ಲಿಯಲ್ಲಿ ಬಿಬಿಸಿಯ ದನಿಯಾಗಿದ್ದ ಮಾರ್ಕ್ ಟಲಿ ಅವರ ಹೆಸರು ಮೊದಲು ನೆನಪಾದದ್ದು ನಿಜ. ಕಲ್ಕತ್ತೆಯಲ್ಲಿ ಹುಟ್ಟಿ, 1975ರ ತುರ್ತು ಪರಿಸ್ಥಿತಿಯಲ್ಲಿ ದೇಶದಿಂದ ಹೊರಹಾಕಿಸಿಕೊಂಡು, ಮರಳಿ ಬಂದು, ದಶಕಗಳ ಕಾಲ ಇಲ್ಲಿಯವರೇ ಆಗಿ ಬಾಳಿದ ಅವರ ಕುರಿತು ನಿಮಗೆ ಹೇಳುವವರು ಹಲವರಿದ್ದಾರೆ. ನಾನು ಆರಿಸಿಕೊಂಡದ್ದು ಕನ್ನಡದಲ್ಲಿ ಅಷ್ಟಾಗಿ ಹೆಸರು ಕೇಳಿಬರದ ಇಟಲಿಯವರೊಬ್ಬರನ್ನು: ತಿಜಿಯಾನೊ ತೆರ್ಜಾನಿ. ಅದಕ್ಕೆ ನನ್ನದೇ ಆದ ಒಂದು ಕಾರಣವೂ ಇದೆ. ಅದು 1993ನೇ ಇಸವಿಗೆ ಸಂಬಂಧಿಸಿದ್ದು, ಮುಂದೆ ಹೇಳುತ್ತೇನೆ.

ಪತ್ರಿಕೆಯಲ್ಲಿ ನನ್ನ ಮೊದಲ ಹತ್ತು ವರ್ಷಗಳು ಹುಬ್ಬಳ್ಳಿಯ ಡೆಸ್ಕಿನಲ್ಲಿ ಕಳೆದವು. ರಾತ್ರಿ ಪಾಳಿ. ಮೂಲೆಯಲ್ಲಿ ಟೆಲಿಪ್ರಿಂಟರ್ ಕಟಕಟ ಎನ್ನುತ್ತ ಮೊಳಗಟ್ಟಲೆ ಕಾಗದ ಕಕ್ಕುತ್ತಿತ್ತು. ಅದನ್ನು ಸ್ಕೇಲು ಹಿಡಿದು ಹರಿದು, ವಿದೇಶದ ಸುದ್ದಿಯನ್ನು ಬೇರೆ ಮಾಡಿ, ಎರಡು ಕಾಲಂ ಹಿಡಿಸುವಷ್ಟನ್ನು ಕನ್ನಡಕ್ಕೆ ಇಳಿಸುವುದು ನನ್ನ ಕೆಲಸವಾಗಿತ್ತು. ಕಾಂಬೋಡಿಯಾವನ್ನು ಆಗ ಕಂಪೂಚಿಯ ಎಂದು ಬರೆಯುತ್ತಿದ್ದೆವು. ಅದರ ರಾಜಧಾನಿಯನ್ನು ಫ್ನಾಮ್ ಪೆನ್ ಎನ್ನಬೇಕೋ ನಾಮ್ ಪೆನ್ ಎನ್ನಬೇಕೋ ಎಂಬ ಚರ್ಚೆ ಚಹಾ ಬರುವವರೆಗೂ ನಡೆಯುತ್ತಿತ್ತೇ ಹೊರತು, ಆ ಊರಿನಲ್ಲಿ ನಿಂತು ಈ ಸಾಲುಗಳನ್ನು ಬರೆದವನು ಯಾರು, ಅಲ್ಲಿಗೆ ಹೇಗೆ ತಲುಪಿದ, ಯಾರನ್ನು ಕೇಳಿ ಬರೆದ ಎಂಬ ಪ್ರಶ್ನೆ ನಮ್ಮ ನಡುವೆ ಒಮ್ಮೆಯೂ ಎದ್ದಿರಲಿಲ್ಲ. ಡೇಟ್‌ಲೈನಿನಲ್ಲಿ ಅಚ್ಚಾಗುವ ಊರಿನ ಹೆಸರಿನ ಹಿಂದೆ ಹಸಿವು, ಅಂಜಿಕೆ, ಹಟ ಎಲ್ಲ ಇರುವ ಒಬ್ಬ ಮನುಷ್ಯ ಇರುತ್ತಾನೆ ಎಂಬುದು ನನಗೆ ಹೊಳೆದದ್ದು ತೆರ್ಜಾನಿಯವರನ್ನು ಓದಿದ ಮೇಲೆಯೇ.

ಅವರು ಹುಟ್ಟಿದ್ದು 1938ರಲ್ಲಿ, ಫ್ಲಾರೆನ್ಸ್ ನಗರದ ಬಡ ಕುಟುಂಬವೊಂದರಲ್ಲಿ. ಪೀಸಾದಲ್ಲಿ ಕಾನೂನು ಓದಿ, ಟೈಪ್‌ರೈಟರ್ ತಯಾರಿಸುವ ಒಲಿವೆಟ್ಟಿ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. (ನಮ್ಮ ಕೋರ್ಟಿನ ಮುಂದೆ ಬೇವಿನ ಮರದ ಕೆಳಗೆ ಅರ್ಜಿ ಟೈಪು ಮಾಡುತ್ತಿದ್ದವರ ಬಳಿ ಇದ್ದದ್ದು ರೆಮಿಂಗ್ಟನ್ ಮತ್ತು ಗೋದ್ರೆಜ್, ಒಲಿವೆಟ್ಟಿಯನ್ನು ನಾನು ಕಣ್ಣಾರೆ ಕಂಡಿಲ್ಲ.) ಕಂಪನಿ 1965ರಲ್ಲಿ ಅವರನ್ನು ಜಪಾನಿಗೆ ಕಳಿಸಿತು. ಏಷ್ಯಾದ ಸೆಳೆತ ಶುರುವಾದದ್ದು ಅಲ್ಲಿಂದ. ಕೈತುಂಬ ಸಂಬಳದ ನೌಕರಿಯನ್ನು ಬಿಟ್ಟು, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಚೀನಿ ಭಾಷೆ ಕಲಿತು, ಮಿಲಾನಿನ ದಿನಪತ್ರಿಕೆಯೊಂದರಲ್ಲಿ ಕಸುಬು ತಿದ್ದಿಕೊಂಡರು. ಕೊನೆಗೆ ಅವರಿಗೆ ಏಷ್ಯಾದ ಕೆಲಸ ಕೊಟ್ಟದ್ದು ಪರದೇಶದ ಪತ್ರಿಕೆ, ಜರ್ಮನಿಯ ಹ್ಯಾಂಬರ್ಗ್‌ನಿಂದ ಹೊರಡುವ ‘ಡೆರ್ ಶ್ಪೀಗೆಲ್’ ವಾರಪತ್ರಿಕೆ. 1972ರಿಂದ ಸಿಂಗಪುರದಲ್ಲಿ ಬಿಡಾರ ಹೂಡಿದರು. ಇಟಲಿಯ ಒಬ್ಬಾತ ಜರ್ಮನ್ ಓದುಗರಿಗಾಗಿ, ಚೀನಿ ಭಾಷೆಯ ಬಲದ ಮೇಲೆ ವಿಯೆಟ್ನಾಮಿನ ಯುದ್ಧವನ್ನು ಬರೆಯುವುದು ವಿಚಿತ್ರವೆಂದು ನಿಮಗೆ ಅನ್ನಿಸಬಹುದು. ಮರಾಠಿಯಲ್ಲಿ ಲೆಕ್ಕ ಬರೆದು, ಉರ್ದುವಿನಲ್ಲಿ ಚೌಕಾಸಿ ಮಾಡಿ, ಕನ್ನಡದಲ್ಲಿ ಬೈಯುವ ಅಂಗಡಿಕಾರರು ಇರುವ ಈ ಊರಿನಲ್ಲಿ ಹಾಗೆ ಅನ್ನಿಸಬಾರದು.

1975ರ ಏಪ್ರಿಲ್ 30ರಂದು ಸೈಗಾನ್ ನಗರ ಉತ್ತರ ವಿಯೆಟ್ನಾಮಿನ ಸೇನೆಯ ವಶವಾಯಿತು. ಅಮೆರಿಕದ ಹೆಲಿಕಾಪ್ಟರುಗಳು ಚಾವಣಿಗಳ ಮೇಲಿಂದ ಜನರನ್ನು ಎತ್ತಿಕೊಂಡು ಹಾರಿದ ಚಿತ್ರಗಳನ್ನು ನೀವು ಕಂಡಿರುತ್ತೀರಿ. ಬಹುಪಾಲು ವಿದೇಶಿ ಪತ್ರಕರ್ತರು ಅವುಗಳಲ್ಲೇ ಹೊರಟುಹೋದರು. ತೆರ್ಜಾನಿ ಉಳಿದ ಕೆಲವರಲ್ಲಿ ಒಬ್ಬರು. ಟ್ಯಾಂಕುಗಳು ಅಧ್ಯಕ್ಷರ ಅರಮನೆಯ ಗೇಟನ್ನು ಮುರಿದು ಒಳನುಗ್ಗಿದ ದಿನದಿಂದ ಹಿಡಿದು ಮುಂದಿನ ಮೂರು ತಿಂಗಳು ಆ ಊರಿನಲ್ಲೇ ಇದ್ದರು. ಗದ್ದುಗೆ ಬದಲಾದ ದಿನದ ಬಾತ್ಮಿಯನ್ನು ಎಲ್ಲರೂ ಬರೆಯುತ್ತಾರೆ. ಬದಲಾದ ಹತ್ತನೆಯ ದಿನ ಅಂಗಡಿ ತೆರೆಯಿತೇ, ಹಳೆಯ ನೋಟು ನಡೆಯುತ್ತದೆಯೇ, ಸೋತ ಸೈನ್ಯದ ಸಿಪಾಯಿ ತನ್ನ ಸಮವಸ್ತ್ರವನ್ನು ಎಲ್ಲಿ ಬಿಚ್ಚಿ ಎಸೆದ ಎಂಬುದನ್ನು ತಿಳಿಯಲು ಮಾತ್ರ ಒಬ್ಬ ಅಲ್ಲಿ ಇರಲೇಬೇಕಾಗುತ್ತದೆ.

ಅದೇ ಏಪ್ರಿಲಿನಲ್ಲಿ, ಸೈಗಾನಿಗೆ ಸ್ವಲ್ಪ ಮೊದಲು, ಕಾಂಬೋಡಿಯಾದ ರಾಜಧಾನಿ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಂಡುಕೋರ ಪಡೆಯ ಕೈಸೇರಿತ್ತು. ತೆರ್ಜಾನಿ ಥಾಯ್ಲೆಂಡಿನ ಕಡೆಯಿಂದ ಗಡಿ ದಾಟಿ ಪೋಯ್ಪೆಟ್ ಎಂಬ ಊರಿಗೆ ಕಾಲಿಟ್ಟಾಗ, ಮೀಸೆ ಮೂಡದ ಹುಡುಗರು ಬಂದೂಕು ಹಿಡಿದು ಅವರನ್ನು ಗೋಡೆಗೆ ನಿಲ್ಲಿಸಿದರು. ಅಮೆರಿಕದವನೆಂದು ತಿಳಿದರೆ ಕತೆ ಮುಗಿಯಿತು. ಅವರು ಮಾಡಿದ್ದು ಎರಡೇ ಕೆಲಸ: ಮುಖದ ಮೇಲಿನ ನಗೆ ಮಾಸಗೊಡಲಿಲ್ಲ, ಮತ್ತು ತಾನು ಇಟಲಿಯವನು, ಪತ್ರಕರ್ತ ಎಂದು ಚೀನಿ ಭಾಷೆಯಲ್ಲಿ ಹೇಳುತ್ತ ಹೋದರು. ಚೀನಿ ಬಲ್ಲವನೊಬ್ಬ ಅದನ್ನು ಆ ಹುಡುಗರಿಗೆ ತಿಳಿಸಿ ಹೇಳಿದ, ಜೀವ ಉಳಿಯಿತು. ಭಾಷೆ ಕಲಿಯುವುದರಿಂದ ಏನು ಲಾಭ ಎಂದು ಇಂಟರ್ನ್‌ಗಳು ಕೇಳಿದಾಗಲೆಲ್ಲ ನನಗೆ ಈ ಗೋಡೆ ನೆನಪಾಗುತ್ತದೆ.

ಇಷ್ಟೇ ಆಗಿದ್ದರೆ ಅದು ಸಾಹಸದ ಕತೆ. ನಾನು ಇಷ್ಟು ದೂರ ಅವರ ಹಿಂದೆ ಹೋಗುತ್ತಿರಲಿಲ್ಲ. ತೆರ್ಜಾನಿ ತಪ್ಪಿದವರು ಕೂಡ. ಆ ಕಾಲದ ಯುರೋಪಿನ ಎಷ್ಟೋ ತರುಣರಂತೆ ಅವರಿಗೂ ಏಷ್ಯಾದ ಕ್ರಾಂತಿಗಳ ಮೇಲೆ ಭರವಸೆಯಿತ್ತು, ಖ್ಮೇರ್ ರೂಜ್ ಆಳ್ವಿಕೆಯ ಕಗ್ಗೊಲೆಗಳ ಮೊದಲ ಸುದ್ದಿಗಳನ್ನು ಅವರು ನಂಬಲಿಲ್ಲ. ಗಡಿ ದಾಟಿ ಬಂದ ನಿರಾಶ್ರಿತರು ಹೇಳಿದ್ದು ಅತಿರೇಕವೆಂದು ತೋರಿತು. ಖ್ಮೇರ್ ರೂಜ್ ನಾಯಕ ಪೋಲ್ ಪಾಟ್ 1979ರಲ್ಲಿ ಪದಚ್ಯುತನಾದ ಮೇಲೆ ಕಾಂಬೋಡಿಯಾಕ್ಕೆ ಹೋಗಿ, ಎಲುಬುಗಳು ಚೆಲ್ಲಿದ ಬಯಲುಗಳನ್ನು ಕಂಡು ಬರೆದರು. ತಾನು ಮೊದಲು ಎಣಿಸಿದ್ದು ತಪ್ಪಾಗಿತ್ತೆಂದು ಅಚ್ಚಿನಲ್ಲೇ ಒಪ್ಪಿಕೊಂಡರು. ದಿನಪತ್ರಿಕೆಯ ‘ತಿದ್ದುಪಡಿ’ ಏಳನೆಯ ಪುಟದ ಕೆಳಮೂಲೆಯಲ್ಲಿ ಎರಡು ಸಾಲಿನದ್ದಾಗಿರುತ್ತದೆ, ಅದನ್ನು ಅಲ್ಲಿಗೆ ತಳ್ಳುವ ಕಲೆಯಲ್ಲಿ ನಾನೂ ಪಳಗಿದವನೇ. ಅವರದು ಊರಿಗೆ ಮರಳಿ ಹೋಗಿ ಮಾಡಿಕೊಂಡ ತಿದ್ದುಪಡಿ.

ಚೀನಾದ ಮೇಲಿನ ಪ್ರೀತಿಗೂ ಹೆಚ್ಚು ಕಡಿಮೆ ಅದೇ ಗತಿಯಾಯಿತು. 1980ರಲ್ಲಿ ಬೀಜಿಂಗ್‌ಗೆ ಹೋಗಿ ಪತ್ರಿಕೆಯ ಕಚೇರಿ ತೆರೆದರು, ಚೀನಿ ಹೆಸರು ಇಟ್ಟುಕೊಂಡರು, ಮಕ್ಕಳನ್ನು ಚೀನಿ ಶಾಲೆಗೇ ಹಾಕಿದರು, ವಿದೇಶಿಯರಿಗೆಂದು ಕಟ್ಟಿದ ಆವರಣ ಬಿಟ್ಟು ಸೈಕಲ್ಲಿನಲ್ಲೂ ರೈಲಿನಲ್ಲೂ ಸುತ್ತಿದರು, ಕಂಡದ್ದನ್ನು ಬರೆದರು. 1984ರಲ್ಲಿ ಬಂಧನ, ಸುಮಾರು ಒಂದು ತಿಂಗಳ ‘ಮರುಶಿಕ್ಷಣ’, ತಪ್ಪೊಪ್ಪಿಗೆ ಪತ್ರಗಳು, ಆಮೇಲೆ ಗಡೀಪಾರು. ಜೀವಮಾನವೆಲ್ಲ ಬಯಸಿದ ದೇಶ ನಾಲ್ಕೇ ವರ್ಷದಲ್ಲಿ ಬಾಗಿಲು ಹಾಕಿಕೊಂಡಿತು. ಮುಂದೆ ಜಪಾನಿನಲ್ಲಿ ಐದು ವರ್ಷ ಇದ್ದರು, ಅದು ಅವರಿಗೆ ಒಗ್ಗಲಿಲ್ಲ.

ಈಗ ಭವಿಷ್ಯದ ಮಾತಿಗೆ ಬರೋಣ. 1976ರಲ್ಲಿ ಹಾಂಗ್‌ಕಾಂಗ್‌ನ ಒಬ್ಬ ಮುದಿ ಚೀನಿ ಜ್ಯೋತಿಷಿ ಅವರಿಗೆ ಹೇಳಿದ್ದ: 1993ರಲ್ಲಿ ನಿನಗೆ ಸಾವಿನ ಗಂಡಾಂತರವಿದೆ, ಆ ವರ್ಷ ವಿಮಾನ ಹತ್ತಬೇಡ, ಒಮ್ಮೆಯೂ ಹತ್ತಬೇಡ. ಹದಿನಾರು ವರ್ಷ ಅದು ಮನಸ್ಸಿನ ಮೂಲೆಯಲ್ಲಿ ಬಿದ್ದಿತ್ತು. 1992ರ ಕೊನೆಗೆ, ಬ್ಯಾಂಕಾಕಿನಲ್ಲಿ ಕುಳಿತು ಇಡೀ ಏಷ್ಯಾವನ್ನು ನೋಡಿಕೊಳ್ಳುತ್ತಿದ್ದ ಈ ಬಾತ್ಮೀದಾರರು, ವರ್ಷವಿಡೀ ನೆಲ ಮತ್ತು ನೀರಿನ ಮೇಲೆಯೇ ಓಡಾಡುತ್ತೇನೆಂದು ತೀರ್ಮಾನಿಸಿ ತಮ್ಮ ಸಂಪಾದಕರನ್ನೂ ಒಪ್ಪಿಸಿದರು. ಒಂದು ಕ್ಷಣ ಯೋಚಿಸಿ: ನಿಮ್ಮ ಜಿಲ್ಲಾ ವರದಿಗಾರ ಫೋನು ಮಾಡಿ, ಜೋಯಿಸರು ಬೇಡ ಅಂದಿದ್ದಾರೆ, ಈ ವರ್ಷ ಬಸ್ಸು ಹತ್ತುವುದಿಲ್ಲ ಎಂದರೆ ನೀವು ಏನು ಹೇಳುತ್ತಿದ್ದಿರಿ?

ನಮಗೆ ಭವಿಷ್ಯವಾಣಿ ಹೊಸದಲ್ಲ. ಬಬಲಾದಿಯ ಮಠದಲ್ಲಿ ಶಿವರಾತ್ರಿಯ ಜಾತ್ರೆಯ ಹೊತ್ತಿಗೆ ಕಾಲಜ್ಞಾನ ಹೇಳುತ್ತಾರೆ. ಮಳೆ, ಬೆಳೆ, ರಾಜಕೀಯ ಎಲ್ಲವೂ ಅದರಲ್ಲಿ ಬರುತ್ತದೆ. ಮರುದಿನ ಅದು ಪತ್ರಿಕೆಗಳಲ್ಲಿ ಬರುತ್ತದೆ. ನಾನೇ ಎಷ್ಟೋ ಸಲ ಕಳಿಸಿದ್ದೇನೆ. ವರ್ಷದ ಕೊನೆಗೆ ಹೊರಳಿ ನೋಡಿ ಯಾವುದು ಆಯಿತು, ಯಾವುದು ಆಗಲಿಲ್ಲ ಎಂದು ಬರೆದದ್ದು ಮಾತ್ರ ಇಲ್ಲ. ತೆರ್ಜಾನಿ ಮಾಡಿದ್ದು ಸರಿಸುಮಾರು ಅದನ್ನೇ. ಹೋದ ಊರಿನಲ್ಲೆಲ್ಲ ಹೆಸರಾದ ಜ್ಯೋತಿಷಿ ಯಾರೆಂದು ಕೇಳಿ, ಅವರ ಮುಂದೆ ಕುಳಿತು, ಹೇಳಿದ್ದನ್ನು ಬರೆದುಕೊಂಡು, ಒಬ್ಬನ ಮಾತಿಗೆ ಇನ್ನೊಬ್ಬನ ಮಾತನ್ನು ಹಚ್ಚಿ ನೋಡಿದರು. ಬಹಳಷ್ಟು ಜೊಳ್ಳು, ಅವರೇ ಹಾಗೆ ಬರೆಯುತ್ತಾರೆ. ಆದರೆ ಜ್ಯೋತಿಷಿಯ ಮುಂದೆ ಪಾಳಿ ಹಚ್ಚಿ ಕುಳಿತ ಜನರ ಜೊತೆ ತಾಸುಗಟ್ಟಲೆ ಕುಳಿತವನಿಗೆ ಆ ದೇಶದ ಅಂಜಿಕೆಗಳು ಯಾವುವು ಎಂಬುದು ಗೊತ್ತಾಗದೆ ಇರುವುದಿಲ್ಲ. ಮಂತ್ರಿಯ ಸಂದರ್ಶನದಲ್ಲಿ ಅದು ಸಿಗುವುದೂ ಇಲ್ಲ.

ಆ ವರ್ಷ ಅವರು ಸುತ್ತಿದ ದಾರಿಯನ್ನು ಭೂಪಟದ ಮೇಲೆ ಬೆರಳಿಟ್ಟು ನೋಡಬೇಕು. ಲಾವೋಸ್, ಬರ್ಮಾ, ಮಲೇಷ್ಯಾ, ಸಿಂಗಪುರ, ಇಂಡೋನೇಷ್ಯಾ. ಬಳಿಕ ಕಾಂಬೋಡಿಯಾ, ವಿಯೆಟ್ನಾಂ, ಚೀನಾ, ಮಂಗೋಲಿಯಾ, ಸೈಬೀರಿಯಾದ ಮೂಲಕ ರೈಲಿನಲ್ಲಿ ಯುರೋಪಿನವರೆಗೆ. ಮರಳಿ ಬರುವಾಗ ಇಟಲಿಯ ಲಾ ಸ್ಪೆಜಿಯಾ ಬಂದರಿನಿಂದ ಕಂಟೇನರ್ ಹೊತ್ತ ಸರಕು ಹಡಗಿನಲ್ಲಿ ಸಿಂಗಪುರದವರೆಗೆ. ಬರ್ಮಾದ ಕೆಂಗ್‌ಟುಂಗ್‌ನಲ್ಲಿ ಕಾಲಿಗೆ ಸರಪಳಿ ಬಿಗಿದ ಕೈದಿಗಳು ದುಡಿಯುತ್ತಿದ್ದುದನ್ನು ಕಂಡರು. ವಿಮಾನದಲ್ಲಿ ರಂಗೂನಿಗೆ ಇಳಿದು ಹೋಟೆಲ್ಲಿಗೆ ಹೋಗುವವನ ಕಣ್ಣಿಗೆ ಅದು ಬೀಳುತ್ತಿರಲಿಲ್ಲ. ಗಡಿ ಎಂದರೆ ಏನು ಎಂಬುದು ಅವರಿಗೆ ಮರಳಿ ತಿಳಿದದ್ದೂ ಆಗಲೇ: ಮೇಲಿನಿಂದ ಹಾರಿದರೆ ಗಡಿಯೇ ಇಲ್ಲ, ನೆಲದ ಮೇಲೆ ನಡೆದರೆ ಅದು ಒಂದು ಚೌಕಿ, ಒಬ್ಬ ಜವಾನ, ಒಂದು ಠಸ್ಸೆ, ಮತ್ತು ಆ ಠಸ್ಸೆ ಬೀಳುವವರೆಗೆ ಕಾಯುವ ಅರ್ಧ ದಿನ.

ಜ್ಯೋತಿಷಿ ಹೇಳಿದ್ದು ನಿಜವಾಯಿತೇ ಎಂದು ನೀವು ಕೇಳಿಯೇ ಕೇಳುತ್ತೀರಿ. 1993ರ ಮಾರ್ಚ್ 20ರಂದು ಕಾಂಬೋಡಿಯಾದಲ್ಲಿ ವಿಶ್ವಸಂಸ್ಥೆಯ ಹೆಲಿಕಾಪ್ಟರೊಂದು ಹದಿನೈದು ಪತ್ರಕರ್ತರ ಸಮೇತ ಕೆಳಗೆ ಬಿತ್ತು. ಅವರಲ್ಲಿ ಒಬ್ಬರು ತೆರ್ಜಾನಿಯವರ ಬದಲಿಗೆ ಹೋಗಿದ್ದ ಅದೇ ಪತ್ರಿಕೆಯ ಜರ್ಮನ್ ಸಹೋದ್ಯೋಗಿ. ಇದನ್ನು ಕೇಳಿದವರ ಮೈ ಜುಮ್ಮೆನ್ನುವುದು ಸಹಜ. ನಾನು ಜಾತಕ ನಂಬುವವನಲ್ಲ. ಯುದ್ಧದ ನೆರಳಿನ ದೇಶದಲ್ಲಿ, ಚುನಾವಣೆಯ ವರ್ಷದಲ್ಲಿ, ಹೆಲಿಕಾಪ್ಟರುಗಳ ಭರಾಟೆಯಲ್ಲಿ ಒಂದು ಬಿದ್ದಿತು, ಇಷ್ಟೇ ಎಂದು ವಾದಿಸುವುದು ನನಗೆ ಕಷ್ಟವಲ್ಲ. ನನಗೆ ಕಷ್ಟವಾಗುವುದು ಬೇರೆಯದು: ಸುದ್ದಿಯಲ್ಲವೆಂದು ಯಾರೂ ಬರೆಯದ ಒಂದು ಮಾತನ್ನು ಈ ಮನುಷ್ಯ ಹದಿನಾರು ವರ್ಷ ನೆನಪಿಟ್ಟುಕೊಂಡರಲ್ಲ, ಅದು.

ಅವರ ಉಳಿದ ಆಯುಷ್ಯವನ್ನು ಬೇಗನೆ ಹೇಳಿಬಿಡುತ್ತೇನೆ. 1994ರಿಂದ ದಿಲ್ಲಿಯಲ್ಲಿ ನೆಲೆಸಿದರು. 1997ರಲ್ಲಿ ಕ್ಯಾನ್ಸರ್ ಪತ್ತೆಯಾಯಿತು, ನ್ಯೂಯಾರ್ಕಿನಲ್ಲಿ ಚಿಕಿತ್ಸೆ ಪಡೆದರು, ಅಲ್ಮೋಡಾದ ಮೇಲಿನ ಹಿಮಾಲಯದ ಬೆಟ್ಟಗಳಲ್ಲಿ ಒಂಟಿಯಾಗಿ ಇದ್ದರು. 2001ರ ಸೆಪ್ಟೆಂಬರಿನ ದಾಳಿಯ ಬಳಿಕ ಅರವತ್ತು ದಾಟಿದ ಈ ರೋಗಿ ಎದ್ದು ಪೆಶಾವರಕ್ಕೂ ಕಾಬೂಲಿಗೂ ಹೋಗಿ ಯುದ್ಧದ ವಿರುದ್ಧ ಬರೆದರು. 2004ರ ಜುಲೈ 28ರಂದು ಇಟಲಿಯ ಓರ್ಸಿಞ್ಞಾ ಎಂಬ ಬೆಟ್ಟದ ಹಳ್ಳ‍ಿಯಲ್ಲಿ ತೀರಿಕೊಂಡರು. ಅದಕ್ಕೆ ಕೆಲವು ತಿಂಗಳ ಮೊದಲು ಮಗನನ್ನು ಕರೆಸಿ, ಟೇಪ್ ರೆಕಾರ್ಡರ್ ಮುಂದಿಟ್ಟು, ತನ್ನನ್ನು ಪ್ರಶ್ನೆ ಕೇಳು ಎಂದರು.

1993ರ ಸ್ವಂತ ಕಾರಣ ಹೇಳುತ್ತೇನೆಂದಿದ್ದೆ. ಆಗ ನಾನು ಡೆಸ್ಕು ಬಿಟ್ಟು ಈ ಊರಿನ ವರದಿಗಾರನಾಗಿ ಬಂದಿದ್ದೆ. ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ನಾಲ್ಕು ನಿಮಿಷ ಕಡಿಮೆ ಇದ್ದಾಗ, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ನಮ್ಮ ಮನೆಯಲ್ಲೂ ಸಾಲಾಗಿ ಇಟ್ಟ ಹಿತ್ತಾಳೆ ಕೊಡಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಅಲ್ಲಿ ಗಣಪತಿ ಕಳಿಸಿ ಬಂದು ಮಲಗಿದ್ದ ಜನ ಮಲಗಿದಲ್ಲೇ ಹೋದರು. ಸತ್ತವರು ಹತ್ತು ಸಾವಿರದ ಆಸುಪಾಸು. ಅಲ್ಲಿಯ ಮನೆಗಳು ನಮ್ಮ ಕಡೆಯ ಮಾಳಿಗೆ ಮನೆಗಳಂಥವೇ. ಮಣ್ಣಿನಲ್ಲಿ ಕೂಡಿಸಿದ ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಮಣ್ಣಿನ ಮೇಲ್ಮುದ್ದೆ. ಬೇಸಗೆಯಲ್ಲಿ ತಂಪಾಗಿಟ್ಟ ಆ ಭಾರವೇ ಮೈಮೇಲೆ ಬಿತ್ತು.

ಸೊಲ್ಲಾಪುರ, ನಳದುರ್ಗ, ಉಮರ್ಗಾ ಮಾರ್ಗವಾಗಿ ಜೀಪಿನಲ್ಲಿ ಮರುದಿನ ತಲುಪಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡ ಸೈನಿಕರು ಕಲ್ಲು ಎತ್ತುತ್ತಿದ್ದರು. ಮುಂಬಯಿಯಿಂದ ಕಾರಿನಲ್ಲಿ ಬಂದಿದ್ದ ಒಬ್ಬ ವಿದೇಶಿ ವರದಿಗಾರ ನನ್ನ ಕೊರಳಿನ ಪಾಸು ನೋಡಿ, ನಿನಗೆ ಇಂಗ್ಲಿಷ್ ಬರುತ್ತದೆಯೇ, ಇಲ್ಲಿಯವರ ಮಾತು ತಿಳಿಯುತ್ತದೆಯೇ ಎಂದು ಕೇಳಿದ. ಹೂಂ ಎಂದೆ, ಹೆಮ್ಮೆಯೇ ಆಗಿತ್ತು. ಮನೆಯೆಲ್ಲ ಬಿದ್ದು ಬಾಗಿಲ ಚೌಕಟ್ಟು ಒಂದೇ ನಿಂತಿದ್ದ ಕಡೆ, ಅದರ ಹೊಸ್ತಿಲ ಮೇಲೆ ಒಬ್ಬ ಮುದುಕ ಕುಳಿತಿದ್ದ. ಬಾಗಿಲಿನ ತೋರಣದ ಮಾವಿನೆಲೆ ಇನ್ನೂ ಬಾಡಿರಲಿಲ್ಲ. ನಾವು ಏನನ್ನೂ ಕೇಳುವ ಮೊದಲೇ ಅವನು ನಮ್ಮ ಕಡೆಯ ಕನ್ನಡದಲ್ಲಿ ಹೇಳಿದ: “ಹ್ವಾದ ವರ್ಷನ ನೆಲ ಗುರುಗುಟ್ಟಿತ್ರಿ. ತಿಂಗಳಗಟ್ಟಲೆ ಅಂಗಳದಾಗ ಮಲಗಿದಿವಿ. ಮಳಿ ಬಂತು, ಥಂಡಿ ಬಂತು. ಎಷ್ಟ ದಿನ ಅಂತ ಹೊರಗ ಮಲಗೂದರಿ?” ವಿದೇಶಿ ವರದಿಗಾರ ನನ್ನ ಕಡೆ ನೋಡಿ, ಮನೆಯಲ್ಲಿ ಎಷ್ಟು ಜನ ಇದ್ದರೆಂದು ಕೇಳು ಎಂದ. ಕೇಳಿದೆ. ಒಂಬತ್ತು. ಈಗ? ಮುದುಕ ಎರಡು ಬೆರಳು ತೋರಿಸಿದ. ಅದನ್ನು ನಾನು ಇಂಗ್ಲಿಷಿಗೆ ಮಾಡಿ ಹೇಳಿದೆ, ಅವನು ಬರೆದುಕೊಂಡು ಕಾರು ಹತ್ತಿದ.

ಮೊದಲು ಹೇಳಿದ್ದನ್ನು ನಾನು ಅನುವಾದಿಸಲಿಲ್ಲ, ಅವನು ಕೇಳಿರಲಿಲ್ಲ. 1992ರ ಅಕ್ಟೋಬರಿನಲ್ಲೇ ಕಿಲ್ಲಾರಿಯ ಸುತ್ತ ಸಣ್ಣ ಕಂಪನಗಳ ಸಾಲೇ ಆಗಿತ್ತು, ಜನ ಹೆದರಿ ಬಯಲಿನಲ್ಲಿ ಮಲಗಿದ್ದರು, ಆಮೇಲೆ ಒಳಗೆ ಹೋಗಿದ್ದರು. ಬಾತ್ಮಿ ಒಂದು ವರ್ಷದಿಂದ ಅಲ್ಲೇ ಇತ್ತು, ಬಾತ್ಮೀದಾರ ಇರಲಿಲ್ಲ. ಅದು ನನ್ನ ವರದಿಯಲ್ಲೂ ಬರಲಿಲ್ಲ. ನಾನು ಬರೆದದ್ದು ಹೆಣಗಳ ಲೆಕ್ಕ, ಮಂತ್ರಿಗಳ ಭೇಟಿ, ಪರಿಹಾರದ ಮೊತ್ತ. ಕೆಲವು ವರ್ಷಗಳ ಬಳಿಕ ತೆರ್ಜಾನಿಯವರ 1993 ಹೇಗಿತ್ತೆಂದು ಓದುವಾಗ ನನ್ನ 1993 ಎದುರಿಗೆ ಬಂದು ನಿಂತಿತು.

ಕಿಲ್ಲಾರಿಯ ದಾರಿಯಲ್ಲಿ ಸಿಗುವ ನಳದುರ್ಗದ ಬಗ್ಗೆ ಒಂದು ಮಾತು ಹೇಳದೆ ಮುಗಿಸಲಾರೆ. ಆ ಕೋಟೆಯಲ್ಲಿ 1853ರಿಂದ ಕೆಲವು ವರ್ಷ ಆಡಳಿತ ನಡೆಸಿದವರು ಫಿಲಿಪ್ ಮೆಡೋಸ್ ಟೇಲರ್, ನಿಮ್ಮಲ್ಲಿ ಸುರಪುರದ ಕಡೆಯವರಿಗೆ ಪರಿಚಿತರಾದ ಟೇಲರ್ ಸಾಹೇಬರು. ಹದಿನೈದನೆಯ ವಯಸ್ಸಿಗೆ ಮುಂಬಯಿಗೆ ಬಂದು ನಿಜಾಮನ ಸೇವೆಗೆ ಸೇರಿದ ಅವರನ್ನು ನಾವು ಅಧಿಕಾರಿಯೆಂದೋ ಕಾದಂಬರಿಕಾರರೆಂದೋ ಬಲ್ಲೆವು. ನಮ್ಮ ಚಾಂದ್ ಬೀಬಿಯನ್ನು ಕುರಿತು ಅವರು ಬರೆದ ಕಾದಂಬರಿ ಅವರ ಮರಣಾನಂತರ 1878ರಲ್ಲಿ ಹೊರಬಂತು. ಮರೆತುಹೋಗುವ ಸಂಗತಿಯೆಂದರೆ, 1840ರಿಂದ 1853ರವರೆಗೆ ಅವರು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಬಾತ್ಮೀದಾರರೂ ಆಗಿದ್ದರು. ಅದರಲ್ಲಿ ಹೆಚ್ಚಿನ ಕಾಲ ಅವರಿದ್ದದ್ದು ಸುರಪುರದ ಗುಡ್ಡದ ಮೇಲೆ, ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನ ನೋಡಿಕೊಳ್ಳುತ್ತ. ಸೂಯೆಜ್ ಕಾಲುವೆ ಇನ್ನೂ ತೋಡಿರಲಿಲ್ಲ. ಅಂದಿನ ಬಾತ್ಮಿ ಹಡಗು ಹತ್ತಿ, ಈಜಿಪ್ತಿನ ನೆಲ ದಾಟಿ, ಮತ್ತೆ ಹಡಗು ಹತ್ತಿ ಲಂಡನ್ ಸೇರಬೇಕಾಗಿತ್ತು.

ಅವರಿಗೂ ಒಂದು ಭವಿಷ್ಯ ಗೊತ್ತಿತ್ತು. ತನ್ನ ಮಗ ವೆಂಕಟಪ್ಪ ನಾಯಕ ಇಪ್ಪತ್ನಾಲ್ಕನೆಯ ವರ್ಷದಲ್ಲಿ ತೀರಿಕೊಳ್ಳುತ್ತಾನೆಂದು ಜಾತಕದಲ್ಲಿದೆ ಎಂಬುದನ್ನು ರಾಣಿ ಈಶ್ವರಮ್ಮ ಅವರಿಗೆ ಗುಟ್ಟಾಗಿ ಹೇಳಿದ್ದಳು. 1858ರಲ್ಲಿ ರಾಜ ಬ್ರಿಟಿಷರ ವಿರುದ್ಧ ಎದ್ದು, ಸೋತು, ಹೈದರಾಬಾದಿನ ಕಡೆ ಹೋಗಿ ಸೆರೆಸಿಕ್ಕಾಗ ಟೇಲರ್ ಅವನನ್ನು ಸೆರೆಮನೆಯಲ್ಲಿ ಕಂಡರು. ಚಿಕ್ಕವನಿದ್ದಾಗಿನಿಂದ ಅವನು ಅವರನ್ನು ‘ಅಪ್ಪಾ’ ಎನ್ನುತ್ತಿದ್ದ. ತನ್ನನ್ನು ನೇಣಿಗೆ ಹಾಕದೆ ತೋಪಿನ ಬಾಯಿಗೆ ಕೊಡಲಿ ಎಂಬುದು ಅವನ ಬೇಡಿಕೆಯಾಗಿತ್ತು. ಮರಣದಂಡನೆ ರದ್ದಾಗಿ, ಕೊನೆಗೆ ನಾಲ್ಕು ವರ್ಷದ ಸೆರೆ ಎಂದಾಯಿತು. ರಾಜ ಬದುಕಿದ, ಜಾತಕ ಸುಳ್ಳಾಯಿತು ಎಂದು ಟೇಲರ್ ಅಂದುಕೊಂಡರು. ಮದ್ರಾಸಿನ ಕಡೆ ಕರೆದೊಯ್ಯುವಾಗ ದಾರಿಯ ಬಿಡಾರದಲ್ಲಿ, ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡು ತಗುಲಿ ಅವನು ಸತ್ತ. ಟೇಲರ್ ಅದನ್ನೆಲ್ಲ ಬರೆದಿಟ್ಟದ್ದು ಆತ್ಮಕಥೆಯಲ್ಲಿ. ಅದು ಅಚ್ಚಾದದ್ದು 1877ರಲ್ಲಿ, ಅವರು ತೀರಿಕೊಂಡ ಮರುವರ್ಷ.

ಉಪನ್ಯಾಸ ಮುಗಿದ ಮೇಲೆ ಪ್ರಶ್ನೆಗಳಿದ್ದವು. ಹೆಚ್ಚಿನವು ಹೆಲಿಕಾಪ್ಟರಿನ ಬಗ್ಗೆ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು, ಹೊಸ್ತಿಲ ಮೇಲೆ ಕುಳಿತ ಆ ಮುದುಕನ ಮಾತನ್ನು ಆಮೇಲಾದರೂ ಎಲ್ಲಿಯಾದರೂ ಬರೆದಿರಾ ಸರ್ ಎಂದು ಕೇಳಿದಳು. ಇಲ್ಲ ಎಂದೆ. ಈ ಬರಹದಲ್ಲಿ ಅದು ಮೊದಲ ಸಲ ಅಚ್ಚಾಗುತ್ತಿದೆ.